ಅಲಂಕಾರವೆಂಬ ಬೈಗುಳ

(ವಾಸ್ತುಶಿಲ್ಪ ಮತ್ತು ಒಳಾಂಗಣ ವಿನ್ಯಾಸದ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಮಾತು ಶುರು ಮಾಡುವ ಮೊದಲು ಮುಂದಿನ ಸಾಲಿನವರ ಕೈಗೆ ಎರಡು ತುಂಡು ಹಗ್ಗ ಕೊಡುತ್ತಿದ್ದೇನೆ. ಎರಡೂ 5 ಮಿಲಿಮೀಟರ್ ದಪ್ಪದ ಹತ್ತಿ ಹಗ್ಗ. ಒಂದು ಬಿಳಿ, ಒಂದು ಕಂದು. ಎರಡರ ತುದಿಗಳನ್ನು ಸೇರಿಸಿ ಗಂಟು ಹಾಕಿ, ಜಗ್ಗಿ ನೋಡಿ, ಬಿಚ್ಚಿ ಪಕ್ಕದವರಿಗೆ ದಾಟಿಸಿ. ಚಿಕ್ಕಂದಿನಿಂದ ಕೈಗೆ ರೂಢಿಯಾದ ಗಂಟೇ ಸಾಕು, ಹೊಸದೇನೂ ಬೇಡ. ಯಾರ ಗಂಟು ನಿಂತಿತು, ಯಾರದು ಜಾರಿತು ಎಂಬುದನ್ನಷ್ಟೇ ನೆನಪಿಟ್ಟುಕೊಳ್ಳಿ. ಆಮೇಲೆ ಕೇಳುತ್ತೇನೆ.

ನಾನು ಹಗ್ಗ, ನೂಲು, ಉಣ್ಣೆಗಳಿಗೆ ಕೈಯಿಂದ ಗಂಟು ಹಾಕಿ, ಕಟ್ಟಡಗಳ ಒಳಗೆ ತೂಗುವ ಕಲಾಕೃತಿಗಳನ್ನು ಮಾಡುತ್ತೇನೆ. ಮಗ್ಗವಿಲ್ಲ, ಲಾಳಿಯಿಲ್ಲ. ನೇಯ್ಗೆಯಲ್ಲಿರುವ ಹಾಸು-ಹೊಕ್ಕಿನ ಲೆಕ್ಕವೂ ಇಲ್ಲ. ಒಂದು ಕೋಲು, ಹಗ್ಗದ ಸುರುಳಿಗಳು, ಹತ್ತು ಬೆರಳು, ಇಷ್ಟೇ ನನ್ನ ಕಾರ್ಖಾನೆ. ಕಚೇರಿಗಳ ಲಾಬಿ, ಮೆಟ್ಟಿಲುಗಳ ನಡುವಿನ ತೆರವು, ಆಸ್ಪತ್ರೆಯಲ್ಲಿ ರೋಗಿಗಳು ಕಾಯುವ ಕೊಠಡಿ, ಸಣ್ಣ ಸಭಾಂಗಣ, ಹೀಗೆ ಎಲ್ಲೆಲ್ಲೋ ನನ್ನ ಕೆಲಸ ತೂಗಾಡುತ್ತಿದೆ.

ಇಷ್ಟು ವರ್ಷಗಳಲ್ಲಿ ನನ್ನ ಕೆಲಸದ ಬಗ್ಗೆ ಕೇಳಿದ ಮಾತುಗಳಲ್ಲಿ ನನ್ನನ್ನು ಹೆಚ್ಚು ಚುಚ್ಚಿದ್ದು ಟೀಕೆಯಲ್ಲ, ಒಂದು ಹೊಗಳಿಕೆ: “ತುಂಬ ಅಲಂಕಾರಿಕವಾಗಿದೆ.” ಹೇಳಿದವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಆದರೆ ಕಲೆಯ ಲೋಕದಲ್ಲಿ ಆ ಮಾತಿಗೆ ಬೇರೆಯೇ ಅರ್ಥವಿದೆ. ಚೆನ್ನಾಗಿದೆ, ಕಣ್ಣಿಗೆ ಹಿತವಾಗಿದೆ, ಸೋಫಾದ ಬಣ್ಣಕ್ಕೆ ಹೊಂದುತ್ತದೆ, ಕಲೆ ಎನ್ನುವಷ್ಟು ದೊಡ್ಡದೇನಲ್ಲ ಎಂದು. ಬಹಳ ದಿನ ಅದನ್ನು ಬೈಗುಳವೆಂದೇ ಎದೆಯಲ್ಲಿಟ್ಟುಕೊಂಡು ತಿರುಗಿದೆ. ಇವತ್ತು ಆ ಮಾತಿನ ಪರವಾಗಿ ವಾದಿಸಲು ಬಂದಿದ್ದೇನೆ.

ಈ ಬೈಗುಳಕ್ಕೆ ಒಂದು ಪ್ರಸಿದ್ಧ ಇತಿಹಾಸವೂ ಇದೆ. 1969ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ನೂಲಿನ ಕಲಾಕೃತಿಗಳ ಒಂದು ಮಹತ್ವದ ಪ್ರದರ್ಶನ ನಡೆಯಿತು. ಅದುವರೆಗೆ ಕರಕುಶಲ ವಸ್ತುಗಳ ಸಾಲಿನಲ್ಲಿ ಕೂತಿದ್ದ ನಾರು, ಹಗ್ಗ, ಉಣ್ಣೆಗಳು ಆಧುನಿಕ ಕಲೆಯ ಮನೆಗೆ ಮುಂಬಾಗಿಲಿನಿಂದ ಬಂದವು. ಶಿಲ್ಪಿ ಲೂಯಿಸ್ ಬೂರ್ಜ್ವಾ ಅದರ ವಿಮರ್ಶೆ ಬರೆದರು. ಈ ಕೃತಿಗಳು ಅಲಂಕಾರದಿಂದ ಬಿಡಿಸಿಕೊಳ್ಳುವುದು ಅಪರೂಪ ಎಂಬುದು ಅವರ ದೂರಿನ ತಿರುಳು. ತಮಾಷೆಯೆಂದರೆ ಬೂರ್ಜ್ವಾ ಬೆಳೆದದ್ದೇ ಹಳೆಯ ಟ್ಯಾಪೆಸ್ಟ್ರಿಗಳನ್ನು, ಅಂದರೆ ಚಿತ್ರ ನೇಯ್ದ ಗೋಡೆಬಟ್ಟೆಗಳನ್ನು, ದುರಸ್ತಿ ಮಾಡುವ ಮನೆತನದಲ್ಲಿ. ಮುಪ್ಪಿನಲ್ಲಿ ತಮ್ಮದೇ ಹಳೆಯ ಬಟ್ಟೆಗಳನ್ನು ಕತ್ತರಿಸಿ, ಹೊಲಿದು, ಅವರು ಅದ್ಭುತ ಕೃತಿಗಳನ್ನು ಮಾಡಿದರು. ಸೂಜಿ ಅವರನ್ನು ಕೊನೆಗೂ ಬಿಡಲಿಲ್ಲ. ಆದರೆ 1969ರ ಅವರ ಮಾತು ಮಾತ್ರ ನಮ್ಮಂಥವರ ಕುತ್ತಿಗೆಗೆ ಗಂಟುಬಿದ್ದು ಇನ್ನೂ ಬಿಟ್ಟಿಲ್ಲ.

ನನ್ನನ್ನು ಆ ಕುಣಿಕೆಯಿಂದ ಬಿಡಿಸಿದ್ದು ಪದಕೋಶ. ಸಂಸ್ಕೃತದಲ್ಲಿ ‘ಅಲಂ’ ಎಂದರೆ ಸಾಕು, ತಕ್ಕಷ್ಟು, ಸಮರ್ಥ. ಅಲಂಕಾರವೆಂದರೆ ಸಾಕಷ್ಟಾಗುವಂತೆ ಮಾಡುವುದು, ಕೊರತೆಯಿದ್ದಲ್ಲಿ ತುಂಬಿಕೊಡುವುದು. ಮೇಲೆ ಮೆತ್ತುವ ಬಣ್ಣವೆಂಬ ಅರ್ಥ ನಾವು ಆಮೇಲೆ ಅದಕ್ಕೆ ತಗುಲಿಸಿದ್ದು. ಹಾಗೆ ನೋಡಿದರೆ ಅಲಂಕಾರ ಮಾಡುವವರು ಕೋಣೆಗೆ ಕೇಳಬೇಕಾದ ಪ್ರಶ್ನೆ ಒಂದೇ: ನಿನಗೆ ಏನು ಸಾಲದು?

ನೀವು ಕಟ್ಟುವ ಹೊಸ ಕಟ್ಟಡಗಳಿಗೆ ಬಹುಮಟ್ಟಿಗೆ ಸಾಲದಿರುವುದು ಮೌನ. ಬೇಸರ ಮಾಡಿಕೊಳ್ಳಬೇಡಿ. ಗಾಜು, ಕಾಂಕ್ರೀಟು, ನಯವಾದ ಕಲ್ಲಿನ ನೆಲ, ಎರಡು ಮಹಡಿ ಎತ್ತರದ ಚಾವಣಿ, ಇವೆಲ್ಲ ಚಿತ್ರದಲ್ಲಿ ಚಂದ. ಒಳಗೆ ನಿಂತು ಒಬ್ಬರ ಹೆಸರು ಕರೆದರೆ ಅದು ನಾಲ್ಕು ಗೋಡೆಗೂ ತಾಗಿ ನಾಲ್ಕು ಸಲ ವಾಪಸ್ ಬರುತ್ತದೆ. ಮಾತಿನ ಮೇಲೆ ಮಾತು ಬಿದ್ದು ಯಾವುದೂ ಕೇಳಿಸುವುದಿಲ್ಲ.

1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಇದೇ ತೊಂದರೆ ಎದುರಾಯಿತು. ಹೊಸದಾಗಿ ಕಟ್ಟಿದ ಫಾಗ್ ಕಲಾ ಸಂಗ್ರಹಾಲಯದ ಉಪನ್ಯಾಸ ಕೊಠಡಿಯಲ್ಲಿ ಆಡಿದ ಮಾತು ಐದೂವರೆ ಸೆಕೆಂಡುಗಳಷ್ಟು ಹೊತ್ತು ಗುಂಯ್‌ಗುಟ್ಟುತ್ತಿತ್ತು. ಅಷ್ಟರಲ್ಲಿ ಉಪನ್ಯಾಸಕರು ಮುಂದಿನ ವಾಕ್ಯ ಮುಗಿಸಿರುತ್ತಿದ್ದರು. ಸರಿಪಡಿಸುವ ಹೊಣೆ ವಾಲೇಸ್ ಸೇಬಿನ್ ಎಂಬ ಯುವ ಭೌತಶಾಸ್ತ್ರಜ್ಞರ ಹೆಗಲಿಗೆ ಬಿತ್ತು. ಅವರು ಮಾಡಿದ ಕೆಲಸ ನನಗೆ ಅಚ್ಚುಮೆಚ್ಚು. ಅಲ್ಲೇ ಇದ್ದ ಸ್ಯಾಂಡರ್ಸ್ ರಂಗಮಂದಿರದ ಆಸನಗಳ ಮೆತ್ತೆಗಳನ್ನು ಹೊತ್ತು ತಂದು, ಊರೆಲ್ಲ ಸದ್ದಡಗಿದ ರಾತ್ರಿಗಳಲ್ಲಿ, ಒಂದೊಂದಾಗಿ ಕೊಠಡಿಯಲ್ಲಿ ಹರಡುತ್ತ ಹೋದರು. ಆರ್ಗನ್ನಿನ ಒಂದು ಕೊಳವೆಯನ್ನು ನುಡಿಸಿ, ನಿಲ್ಲಿಸಿ, ಸದ್ದು ಪೂರ್ತಿ ಸಾಯುವವರೆಗಿನ ಹೊತ್ತನ್ನು ಅಳೆದರು. ಮೆತ್ತೆ ಹೆಚ್ಚಿದಂತೆ ಅನುರಣನ, ಅಂದರೆ ಸದ್ದು ಉಳಿಯುವ ಗುಂಯ್‌ಗುಡುವಿಕೆ, ಇಳಿಯಿತು. ಕೋಣೆಯ ಗಾತ್ರ, ಅದರೊಳಗಿನ ಹೀರಿಕೆ, ಸದ್ದು ಉಳಿಯುವ ಕಾಲ, ಈ ಮೂರನ್ನೂ ಕಟ್ಟಿಹಾಕುವ ಸೂತ್ರ ಹುಟ್ಟಿದ್ದು ಆ ಮೆತ್ತೆಗಳಿಂದ. 1900ರಲ್ಲಿ ಬಾಗಿಲು ತೆರೆದ ಬಾಸ್ಟನ್ ಸಿಂಫನಿ ಹಾಲ್ ಆ ಲೆಕ್ಕದ ಮೇಲೆ ನಿಂತ ಕಟ್ಟಡ.

ಸೇಬಿನ್ ಹೀರಿಕೆಯನ್ನು ಅಳೆಯಲು ಬಳಸಿದ ಮಾನ ಇನ್ನೂ ಸೊಗಸು: ತೆರೆದ ಕಿಟಕಿ. ತೆರೆದ ಕಿಟಕಿಯಿಂದ ಹೊರಗೆ ಹೋದ ಸದ್ದು ಮರಳಿ ಬರುವುದಿಲ್ಲ. ಆದ್ದರಿಂದ ಅದು ಪರಿಪೂರ್ಣ ಹೀರುಕ. ಒಂದು ಮೆತ್ತೆ ಎಷ್ಟು ಕಿಟಕಿಗೆ ಸಮ, ಒಂದು ಜಮಖಾನ ಎಷ್ಟು ಕಿಟಕಿಗೆ ಸಮ ಎಂದು ಅವರು ಎಣಿಸಿದರು. ಇದನ್ನು ಓದಿದ ಮೇಲೆ ನಾನು ಗೋಡೆಗೆ ತೂಗುಹಾಕುವ ಪ್ರತಿಯೊಂದು ಕೃತಿಯನ್ನೂ ಆ ಗೋಡೆಯಲ್ಲಿ ತೆರೆದ ಒಂದು ಕಿಟಕಿಯೆಂದೇ ನೋಡತೊಡಗಿದೆ. ಗಾಳಿ ಆಡುವುದಿಲ್ಲ, ಬೆಳಕು ಬರುವುದಿಲ್ಲ, ಗದ್ದಲ ಮಾತ್ರ ಹೊರಗೆ ಹೋಗುತ್ತದೆ.

ಸದ್ದನ್ನು ನೂಲು ಹೇಗೆ ನುಂಗುತ್ತದೆ? ಸದ್ದೆಂದರೆ ಗಾಳಿಯ ಓಡಾಟ. ನಾರುಗಳ ನಡುವಿನ ಸಂದುಗಳಲ್ಲಿ ಗಾಳಿ ಹಿಂದುಮುಂದಾಗಿ ಉಜ್ಜಿಕೊಂಡು ತನ್ನ ಶಕ್ತಿಯನ್ನು ಕಾವಾಗಿ ಕಳೆದುಕೊಳ್ಳುತ್ತದೆ. ಆ ಕಾವು ಯಾರಿಗೂ ತಿಳಿಯದಷ್ಟು ಅಲ್ಪ. ಆದರೆ ಇಲ್ಲೊಂದು ತೊಡಕಿದೆ. ಗಟ್ಟಿ ಗೋಡೆಗೆ ತಾಗಿದಂತೆಯೇ ಇರುವ ಗಾಳಿ ಅಲುಗಾಡುವುದಿಲ್ಲ, ಏಕೆಂದರೆ ಗೋಡೆ ಬಿಡುವುದಿಲ್ಲ. ಗಾಳಿ ಹೆಚ್ಚು ಓಡಾಡುವುದು ಗೋಡೆಯಿಂದ ತರಂಗದ ನಾಲ್ಕನೇ ಒಂದು ಭಾಗದಷ್ಟು ದೂರದಲ್ಲಿ. 500 ಹರ್ಟ್ಸ್ ಸದ್ದಿನ ತರಂಗದ ಉದ್ದ ಸುಮಾರು 69 ಸೆಂಟಿಮೀಟರ್, ಅದರ ಕಾಲುಭಾಗ ಸುಮಾರು 17. ಆದ್ದರಿಂದ 4 ಸೆಂಟಿಮೀಟರ್ ದಪ್ಪದ ಗಂಟಿನ ಕೃತಿಯನ್ನು ಗೋಡೆಗೆ ಅಂಟಿಸಿದಂತೆ ತೂಗುಹಾಕಿದರೆ ಅದು ಕೀರಲು ದನಿಗಳನ್ನಷ್ಟೇ ತಿನ್ನುತ್ತದೆ. ಹದಿನೈದು ಸೆಂಟಿಮೀಟರ್ ಮುಂದಕ್ಕೆ ತಂದು ತೂಗುಹಾಕಿದರೆ ಮನುಷ್ಯರ ಮಾತಿನ ಗದ್ದಲವನ್ನೂ ತಿನ್ನತೊಡಗುತ್ತದೆ. ಖರ್ಚು ಎರಡು ಉದ್ದನೆಯ ಕೊಕ್ಕೆಗಳದ್ದು ಮಾತ್ರ. ನನಗೆ ಇದು ತಿಳಿಯಲು ಆರು ವರ್ಷ ಬೇಕಾಯಿತು. ನಿಮಗೆ ಆರು ನಿಮಿಷದಲ್ಲಿ ಹೇಳಿದ್ದೇನೆ, ಮರೆಯಬೇಡಿ.

ಇನ್ನೊಂದು ಕಟುಸತ್ಯವನ್ನೂ ಹೇಳಿಬಿಡುತ್ತೇನೆ. ಬಲೆಯ ಹಾಗೆ ದೊಡ್ಡ ದೊಡ್ಡ ಕಣ್ಣುಗಳಿರುವ ತೆಳು ಹೆಣಿಗೆಯನ್ನು ತೂಗುಹಾಕಿ ‘ಇದು ಸದ್ದು ಹೀರುತ್ತದೆ’ ಎಂದು ಮಾರುವವರಿದ್ದಾರೆ. ಅದು ಹೀರುವುದು ನಿಮ್ಮ ಹಣವನ್ನು. ಕೆಲಸ ಆಗಬೇಕಾದರೆ ನಾರು ಒತ್ತಾಗಿರಬೇಕು, ದಪ್ಪವಿರಬೇಕು, ಒಳಗೆ ಗಾಳಿಗೆ ದಾರಿಯೂ ಇರಬೇಕು. ಉಣ್ಣೆಯ ಕುಚ್ಚುಗಳನ್ನು ಒತ್ತಾಗಿ ಗಂಟುಹಾಕಿದ ಕೃತಿ ಈ ಮೂರನ್ನೂ ಒಟ್ಟಿಗೆ ಕೊಡುತ್ತದೆ.

ಉಪಯೋಗಕ್ಕೆ ಬಂದರೆ ಕಲೆಯ ಮಾನ ಕಡಿಮೆಯಾಗುತ್ತದೆ ಎನ್ನುವವರಿಗೆ ನಾನು ಆನಿ ಆಲ್ಬರ್ಸ್ ಅವರ ಹೆಸರು ಹೇಳುತ್ತೇನೆ. ಜರ್ಮನಿಯ ಬೌಹೌಸ್ ಎಂಬ ಕಲೆ ಮತ್ತು ವಿನ್ಯಾಸದ ಶಾಲೆಯ ವಿದ್ಯಾರ್ಥಿನಿಯಾಗಿ 1930ರಲ್ಲಿ ಅವರು ಡಿಪ್ಲೊಮಾಕ್ಕೆ ಒಪ್ಪಿಸಿದ ಕೆಲಸ ಒಂದು ಗೋಡೆಯ ಹೊದಿಕೆ. ಬರ್ಲಿನ್ ಹತ್ತಿರದ ಬೆರ್ನಾವಿನಲ್ಲಿ ಕಾರ್ಮಿಕ ಸಂಘಗಳ ಶಾಲೆಯೊಂದನ್ನು ಕಟ್ಟುತ್ತಿದ್ದರು. ಅದರ ಸಭಾಂಗಣಕ್ಕೆಂದು ಮಾಡಿದ ಬಟ್ಟೆ ಅದು. ಹಿಂದಿನ ಬದಿಯಲ್ಲಿ ಸದ್ದು ಹೀರುವ ಶೆನಿಲ್ ಎಂಬ ಮೆತ್ತನೆಯ ನೂಲು, ಮುಂದಿನ ಬದಿಯಲ್ಲಿ ಬೆಳಕನ್ನು ಹಿಂದಿರುಗಿಸುವ ಸೆಲೋಫೇನ್ ಎಳೆ. ಆ ಕೋಣೆಗೆ ಎರಡು ಕೊರತೆಗಳಿದ್ದವು, ಒಂದು ಬಟ್ಟೆ ಎರಡನ್ನೂ ತುಂಬಿತು. ಅಲಂಕಾರ ಎಂದರೆ ಇದೇ. ಇಪ್ಪತ್ತನೇ ಶತಮಾನದ ದೊಡ್ಡ ಕಲಾವಿದರ ಪಟ್ಟಿಯಿಂದ ಆನಿ ಆಲ್ಬರ್ಸ್ ಅವರನ್ನು ಇದಕ್ಕಾಗಿ ಯಾರೂ ತೆಗೆದುಹಾಕಿಲ್ಲ.

ಸರಿ, ಹಗ್ಗ ಎಲ್ಲಿಗೆ ಬಂತು? ಕೈ ಎತ್ತಿ. ನಿಂತದ್ದು ಎಷ್ಟು? ಜಾರಿದ್ದು ಎಷ್ಟು?

ಸುಮಾರು ಅರ್ಧಕ್ಕರ್ಧ. ಎಲ್ಲಿ ಕೇಳಿದರೂ ಹೆಚ್ಚುಕಡಿಮೆ ಹೀಗೆಯೇ ಬರುತ್ತದೆ. ಜಾರಿಸಿಕೊಂಡವರು ಎರಡು ಸಲವೂ ಬಲಗೈಯ ತುದಿಯನ್ನು ಎಡದ ಮೇಲೆ ಹಾಕಿ ಸುತ್ತಿದ್ದೀರಿ. ನಿಂತವರು ಮೊದಲು ಬಲವನ್ನು ಎಡದ ಮೇಲೆ, ಆಮೇಲೆ ಎಡವನ್ನು ಬಲದ ಮೇಲೆ ಹಾಕಿದ್ದೀರಿ. ನೋಡಲು ಎರಡೂ ಅಕ್ಕತಂಗಿಯರ ಹಾಗಿವೆ. ಆದರೆ ಮೊದಲನೆಯದನ್ನು ಹಡಗಿನವರು ತಲೆತಲಾಂತರದಿಂದ ನಂಬಿದವರಲ್ಲ. ಏಕೆಂದು ಗಣಿತದಲ್ಲಿ ವಿವರಿಸಿದ್ದು ತೀರಾ ಈಚೆಗೆ. 2020ರಲ್ಲಿ ಮೆಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಸಂಶೋಧಕರು, ಒತ್ತಡ ಬಿದ್ದಲ್ಲಿ ಬಣ್ಣ ಬದಲಾಯಿಸುವ ನಾರುಗಳಿಗೆ ಗಂಟುಹಾಕಿ, ಬಿಗಿತ ಎಲ್ಲಿ ಕೂರುತ್ತದೆ ಎಂಬುದನ್ನು ಕಣ್ಣಾರೆ ನೋಡಿ ಲೆಕ್ಕ ಕಟ್ಟಿದರು. ಎಳೆಗಳು ಎಷ್ಟು ಕಡೆ ಒಂದನ್ನೊಂದು ದಾಟುತ್ತವೆ, ದಾಟುವಾಗ ಯಾವ ಕಡೆಗೆ ತಿರುಚಿಕೊಳ್ಳುತ್ತವೆ ಎಂಬುದರ ಮೇಲೆ ಗಂಟಿನ ಬಲ ನಿಂತಿದೆ. ಅಕ್ಕಪಕ್ಕದ ಎಳೆಗಳು ಒಂದಕ್ಕೊಂದು ವಿರುದ್ಧವಾಗಿ ತಿರುಚಿಕೊಂಡರೆ ಗಂಟು ಕಚ್ಚಿಕೊಳ್ಳುತ್ತದೆ. ಎಲ್ಲವೂ ಒಂದೇ ಕಡೆಗೆ ತಿರುಚಿದರೆ ಒಟ್ಟಿಗೆ ಉರುಳಿ ಬಿಚ್ಚಿಕೊಳ್ಳುತ್ತವೆ.

ನನ್ನ ಇಡೀ ಕಸುಬು ಈ ಎಡ-ಬಲದ ಮೇಲೆ ನಡೆಯುತ್ತದೆ. ನಾಲ್ಕು ಎಳೆ ತೆಗೆದುಕೊಳ್ಳಿ. ನಡುವಿನ ಎರಡು ಸುಮ್ಮನೆ ಇಳಿಬಿದ್ದಿರುತ್ತವೆ, ಅಕ್ಕಪಕ್ಕದ ಎರಡು ದುಡಿಯುತ್ತವೆ. ಒಮ್ಮೆ ಎಡದಿಂದ, ಒಮ್ಮೆ ಬಲದಿಂದ ಗಂಟು ಹಾಕುತ್ತ ಹೋದರೆ ಚಪ್ಪಟೆಯಾದ ಪಟ್ಟಿ ಬರುತ್ತದೆ. ಪ್ರತಿಸಲವೂ ಎಡದಿಂದಲೇ ಹಾಕುತ್ತ ಹೋದರೆ ಪಟ್ಟಿ ತಾನಾಗಿಯೇ ತಿರುಗುತ್ತ ಸುರುಳಿ ಮೆಟ್ಟಿಲಿನಂತೆ ಇಳಿಯುತ್ತದೆ. ಯಾರೂ ತಿರುಚಿದ್ದಲ್ಲ, ಪಕ್ಷಪಾತ ಕೂಡುತ್ತ ಕೂಡುತ್ತ ತಿರುವಾಗುತ್ತದೆ. ಹೊಸಬರ ಕೆಲಸ ಅಡ್ಡಾದಿಡ್ಡಿ ತಿರುಗಿದ್ದನ್ನು ನೋಡಿದರೆ ಎಷ್ಟನೇ ಗಂಟಿನಲ್ಲಿ ಅವರ ಗಮನ ತಪ್ಪಿತು ಎಂದು ಬೆರಳಿಟ್ಟು ತೋರಿಸಬಹುದು.

ಗಂಟಿಗೆ ಅಂಟಿಲ್ಲ, ಮೊಳೆಯಿಲ್ಲ. ಅದು ನಿಲ್ಲುವುದು ಉಜ್ಜುವಿಕೆಯ ಬಲದಿಂದ, ಅಂದರೆ ಹಗ್ಗ ತನ್ನನ್ನೇ ತಾನು ಹಿಡಿದುಕೊಳ್ಳುವುದರಿಂದ. ಹಿಡಿಯುವ ಗಂಟೇ ಹಗ್ಗದ ಬಲವನ್ನು ಕುಗ್ಗಿಸುತ್ತದೆ ಎಂಬುದೂ ನಿಜ. ಹಗ್ಗವನ್ನು ತುಂಡಾಗುವವರೆಗೆ ಎಳೆದರೆ ಅದು ಹರಿಯುವುದು ಬಹುತೇಕ ಗಂಟಿನ ಬಾಯಲ್ಲೇ. ಬಲ ಸುಮಾರು ಅರ್ಧಕ್ಕೆ ಇಳಿದಿರಬಹುದು. ಆದ್ದರಿಂದ ತೂಗುಹಾಕುವ ಕೃತಿಗೆ ಹಗ್ಗ ಆರಿಸುವಾಗ ಹಗ್ಗದ ಚೀಟಿಯ ಮೇಲೆ ಬರೆದ ಬಲವನ್ನು ನಾನು ನಂಬುವುದಿಲ್ಲ.

ಕನ್ನಡದಲ್ಲಿ ಗಂಟು ಎಂದರೆ ಕೂಡಿಟ್ಟ ಸೊತ್ತೂ ಹೌದು. ಇಡುಗಂಟು ಎಂಬ ಮಾತು ನನ್ನ ಕೆಲಸಕ್ಕೆ ಅಕ್ಷರಶಃ ಒಪ್ಪುತ್ತದೆ. ಒಂದು ಲೆಕ್ಕ ಕೇಳಿ. ಒತ್ತಾದ ಗಂಟುಗಳ ಕೆಲಸ 4 ಮೀಟರ್ ಎತ್ತರ ಬರಬೇಕಾದರೆ ಪ್ರತಿ ಎಳೆಗೆ ಅದರ ನಾಲ್ಕರಷ್ಟು, ಅಂದರೆ 16 ಮೀಟರ್ ಹಗ್ಗ ಬೇಕು. ಹಗ್ಗವನ್ನು ನಡುವೆ ಮಡಚಿ ಕೋಲಿಗೆ ಸಿಕ್ಕಿಸುವುದರಿಂದ ಕತ್ತರಿಸುವಾಗ 32 ಮೀಟರ್. ಇಂಥ 120 ಹಗ್ಗ ಇಳಿಬಿಟ್ಟರೆ 3,840 ಮೀಟರ್. ಒಂದೂವರೆ ಮೀಟರ್ ಅಗಲದ ಒಂದು ಕೃತಿಯೊಳಗೆ ಸುಮಾರು ನಾಲ್ಕು ಕಿಲೋಮೀಟರ್ ದಾರಿ ಮುದುಡಿ ಕೂತಿದೆ. ಹದಿನಾರು ಮೀಟರಿನಲ್ಲಿ ನಾಲ್ಕು ಮೀಟರ್ ಕಣ್ಣಿಗೆ ಬಿತ್ತು, ಉಳಿದ ಹನ್ನೆರಡು ಗಂಟುಗಳಲ್ಲಿ ಠೇವಣಿಯಾಯಿತು. ಆ ಠೇವಣಿ ಸ್ವಲ್ಪ ಸ್ವಲ್ಪವಾಗಿ ಸೋರುತ್ತದೆ ಎಂಬುದನ್ನು ನಾನು ಕಲಿತ ಬಗೆ ಬೇರೆ.

ನನ್ನ ಮೊದಲ ದೊಡ್ಡ ಕೆಲಸ ಒಂದು ಕಚೇರಿಯ ಲಾಬಿಗೆ. ಇದೇ ಅಳತೆ, ಅರವತ್ತು ಕೆ.ಜಿ.ಗೆ ಹತ್ತಿರದ ತೂಕ. ಕುಚ್ಚುಗಳ ತುದಿ ನೆಲದಿಂದ ಸರಿಯಾಗಿ ಒಂದು ಗೇಣು ಮೇಲೆ ನಿಲ್ಲುವಂತೆ, ದಾರದಲ್ಲಿ ಅಳೆದು, ಕತ್ತರಿಸಿ ಬಂದೆ. ಮೂರು ತಿಂಗಳಿಗೆ ಫೋನು ಬಂತು: “ನಿಮ್ಮ ಕಲಾಕೃತಿ ನೆಲ ಗುಡಿಸುತ್ತಿದೆ.” ಹೋಗಿ ನೋಡಿದರೆ ಮಾತು ನಿಜ. ಕಸ ಗುಡಿಸುವವರು ತಮ್ಮ ಕೆಲಸಕ್ಕೆ ಅಡ್ಡಿಯಾಗುತ್ತದೆಂದು ಕುಚ್ಚುಗಳನ್ನು ಎತ್ತಿ ಒಂದು ದೊಡ್ಡ ಗಂಟು ಹಾಕಿಟ್ಟಿದ್ದರು. ಸುಳ್ಳು ಹೇಳುವುದಿಲ್ಲ, ಇಡೀ ಕೃತಿಯಲ್ಲಿ ಅದೇ ಒಳ್ಳೆಯ ಗಂಟಾಗಿತ್ತು.

ಆದದ್ದೇನೆಂದರೆ ಗಂಟುಗಳು ತಮ್ಮ ತೂಕಕ್ಕೆ ತಾವೇ ಬಿಗಿದುಕೊಂಡಿದ್ದವು. ಹುರಿಹಗ್ಗದ ಎಳೆಗಳು ನಿಧಾನವಾಗಿ ನೇರವಾಗಿದ್ದವು. ಜೊತೆಗೆ ತೇವ. ಹತ್ತಿ ಮಾಮೂಲಿ ಹವೆಯಲ್ಲೇ ತನ್ನ ಒಣ ತೂಕದ ಶೇಕಡ 8ರಷ್ಟು ನೀರನ್ನು ಗಾಳಿಯಿಂದ ಹೀರಿಟ್ಟುಕೊಂಡಿರುತ್ತದೆ, ಉಣ್ಣೆ ಶೇಕಡ 16ರಷ್ಟು. ಹವೆ ಬದಲಾದಂತೆ ಕೃತಿಯ ತೂಕ ಬದಲಾಗುತ್ತದೆ. ನನಗೆ ಹೆಚ್ಚು ಆಶ್ಚರ್ಯವಾದದ್ದು ಇನ್ನೊಂದು ವಿಷಯ. ಇಳಿತ ಎಲ್ಲ ಕಡೆ ಒಂದೇ ಸಮ ಇರಲಿಲ್ಲ. ಮೇಲಿನ ಸಾಲಿನ ಗಂಟು ಇಡೀ ಅರವತ್ತು ಕೆ.ಜಿ. ಹೊರುತ್ತದೆ, ಕೆಳಗಿನ ಸಾಲು ತನ್ನ ಕುಚ್ಚನ್ನು ಮಾತ್ರ. ನಾನು ಸಮವಾಗಿ ಹಾಕಿದ್ದ ಚೌಕಗಳು ಮೇಲೆ ಉದ್ದುದ್ದ ಎಳೆದುಕೊಂಡು, ಕೆಳಗೆ ಬರುಬರುತ್ತ ಗಿಡ್ಡವಾಗಿದ್ದವು. ಅಂದಿನಿಂದ ಮೇಲಿನ ಚೌಕಗಳನ್ನು ಬೇಕೆಂದೇ ಗಿಡ್ಡವಾಗಿ ಹಾಕುತ್ತೇನೆ, ತೂಕ ಅವನ್ನು ಎಳೆದು ಸಮ ಮಾಡಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಮೂರು ವಾರ ಕಾರ್ಯಾಗಾರದಲ್ಲೇ ತೂಗುಬಿಡುತ್ತೇನೆ. ಕುಚ್ಚಿನ ತುದಿ ಕತ್ತರಿಸುವುದು ಕೊನೆಯ ಜಾಗದಲ್ಲಿ, ಕೊನೆಯ ದಿನ. ನೀವು ನಕ್ಷೆಯ ಮೇಲೆ ಬರೆದುಕೊಟ್ಟ ಅಳತೆಯನ್ನು ನಾನು ಮಿಲಿಮೀಟರಿಗೆ ಸರಿಯಾಗಿ ಪಾಲಿಸುವುದಿಲ್ಲವೆಂದು ದೂರುವ ವಾಸ್ತುಶಿಲ್ಪಿಗಳಿಗೆ ಉತ್ತರ ಇದು.

ಇಷ್ಟು ಹೊತ್ತು ಕೋಣೆಯ ಸೇವೆ ಮಾಡುವ ಕಲೆಯ ಪರವಾಗಿ ಮಾತಾಡಿದೆ. ನನ್ನ ವಾದಕ್ಕೆ ಒಗ್ಗದ ಒಬ್ಬರನ್ನು ಹೆಸರಿಸದೆ ಮುಂದೆ ಹೋದರೆ ಅಪ್ರಾಮಾಣಿಕತೆಯಾದೀತು. ಮೃಣಾಲಿನಿ ಮುಖರ್ಜಿ. 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿ, ಬರೋಡಾದಲ್ಲಿ ಕೆ.ಜಿ. ಸುಬ್ರಮಣ್ಯನ್ ಅವರ ಬಳಿ ಕಲಿತು, 1970ರ ದಶಕದಿಂದ ನಾರಿನ ಹಗ್ಗಕ್ಕೆ ಕೈಯಿಂದ ಗಂಟುಹಾಕಿ ಶಿಲ್ಪಗಳನ್ನು ಮಾಡಿದವರು. ಮೊದಲೇ ರೇಖಾಚಿತ್ರ ಬರೆದುಕೊಳ್ಳುತ್ತಿರಲಿಲ್ಲ. ಗಂಟಿನ ಮೇಲೆ ಗಂಟು ಬೀಳುತ್ತ ಆಕಾರ ತಾನೇ ತೋರಿಕೊಳ್ಳಬೇಕು. ಯಕ್ಷಿ, ವನರಾಜ, ವನಶ್ರೀ, ಹೀಗೆ ಹೆಸರುಗಳು. ಮನುಷ್ಯರ ಎತ್ತರವನ್ನು ಮೀರಿದ ಆ ಆಕೃತಿಗಳು ಹೂವೂ ಹೌದು, ದೇಹವೂ ಹೌದು, ದೇವತೆಯೂ ಹೌದು. ಬಣ್ಣ ಹಾಕಿದ ಹಗ್ಗದ ಮಡಿಕೆಗಳು ತೆರೆದುಕೊಂಡು ನೋಡುವವರನ್ನೇ ದಿಟ್ಟಿಸುತ್ತವೆ. 2015ರಲ್ಲಿ, ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ ಅವರ ಜೀವಮಾನದ ಕೃತಿಗಳ ಪ್ರದರ್ಶನ ಆರಂಭವಾದ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. 2019ರಲ್ಲಿ ನ್ಯೂಯಾರ್ಕಿನ ಮೆಟ್ ಬ್ರಾಯರ್ ಸಂಗ್ರಹಾಲಯ ಅವರ ದೊಡ್ಡ ಪ್ರದರ್ಶನ ನಡೆಸಿತು.

ಆ ಕೃತಿಗಳು ಯಾವ ಕೋಣೆಯ ಯಾವ ಕೊರತೆಯನ್ನೂ ತುಂಬುವುದಿಲ್ಲ. ಅವುಗಳ ಎದುರು ನಿಂತರೆ ಕೋಣೆಯೇ ಅವುಗಳಿಗೆ ಅಲಂಕಾರವಾಗುತ್ತದೆ. ನನ್ನ ಕೈಯಲ್ಲಿ ಅದು ಆಗದು, ಆಗಬೇಕೆಂಬ ಆಸೆಯನ್ನು ಬಿಟ್ಟೂ ಬಹಳ ಕಾಲವಾಯಿತು. ಆದರೆ ಒಂದು ಮಾತು: ಗಂಟಿನ ಕೆಲಸವೆಂದರೆ ಕರಕುಶಲ ಎಂದು ಮೂಗು ಮುರಿಯುವವರು ಒಮ್ಮೆ ಆ ಯಕ್ಷಿಯ ಮುಂದೆ ಹೋಗಿ ಮೂಗು ಮುರಿದು ತೋರಿಸಲಿ.

ತಾಳ್ಮೆಯ ಬಗ್ಗೆ ನೀವು ಕೇಳಿಯೇ ಕೇಳುತ್ತೀರಿ, ಆದ್ದರಿಂದ ನಾನೇ ಹೇಳುತ್ತೇನೆ. ನಮಗೆ ಸಿಕ್ಕಿರುವ ಅತಿ ಹಳೆಯ ಇಡಿಯಾದ ಗಂಟಿನ ರತ್ನಗಂಬಳಿ ಪಜಿರಿಕ್‌ನದು. 1949ರಲ್ಲಿ ಸೆರ್ಗೆಯ್ ರುದೆಂಕೊ ಅದನ್ನು ಸೈಬೀರಿಯಾದ ಆಲ್ಟಾಯ್ ಪರ್ವತಗಳ ಒಂದು ಗೋರಿಯಿಂದ ಹೊರತೆಗೆದರು. ಕ್ರಿಸ್ತಪೂರ್ವ ಐದು ಅಥವಾ ನಾಲ್ಕನೇ ಶತಮಾನದ ಉಣ್ಣೆ. ಗೋರಿಯನ್ನು ಕಳ್ಳರು ಮೊದಲೇ ಕೊರೆದಿದ್ದರು. ಒಳಗೆ ಇಳಿದ ನೀರು ಹೆಪ್ಪುಗಟ್ಟಿ ಗಂಬಳಿಯನ್ನು ಎರಡು ಸಾವಿರ ವರ್ಷಕ್ಕೂ ಮೀರಿ ಕಾಪಾಡಿತು. 183 ಸೆಂಟಿಮೀಟರಿಗೆ 200 ಸೆಂಟಿಮೀಟರ್ ಅಳತೆಯಲ್ಲಿ ಸುಮಾರು ಹನ್ನೆರಡೂವರೆ ಲಕ್ಷ ಗಂಟುಗಳು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿರುವ ಅರ್ದಬೀಲ್ ಗಂಬಳಿಯಲ್ಲಿ ಸುಮಾರು 2.6 ಕೋಟಿ. ಒಬ್ಬರೇ ಕೂತು ದಿನಕ್ಕೆ 10,000 ಗಂಟು ಹಾಕುತ್ತಾರೆ ಎಂದುಕೊಂಡರೂ ಮೊದಲನೆಯದಕ್ಕೆ ನಾಲ್ಕು ತಿಂಗಳು, ಎರಡನೆಯದಕ್ಕೆ ಏಳು ವರ್ಷ. ನನ್ನ ಲಾಬಿಯ ಕೃತಿಯಲ್ಲಿದ್ದದ್ದು ಬರೀ ಸಾವಿರಗಳ ಲೆಕ್ಕದ ಗಂಟು. ತಾಳ್ಮೆಯ ಹೊಗಳಿಕೆಯನ್ನು ದಯವಿಟ್ಟು ಅತ್ತ ಕಡೆಗೆ ಕಳಿಸಿ.

ಇನ್ನು ಪ್ರಶ್ನೆಗಳು.

ಒಬ್ಬರು ಕೇಳಿದರು: “ಇದನ್ನೆಲ್ಲ ಯಂತ್ರದಲ್ಲಿ ಮಾಡಬಹುದಲ್ಲವೇ?” ಯಂತ್ರಕ್ಕೆ ಗಂಟು ಬರುವುದಿಲ್ಲ ಎಂದು ಕೈಕಸುಬಿನವರು ಜಂಬ ಕೊಚ್ಚುವುದುಂಟು. ಅದು ನಿಜವಲ್ಲ. ಮೀನಿನ ಬಲೆಯ ಗಂಟುಗಳನ್ನು ಹಾಕುವ ಯಂತ್ರಗಳು ಹತ್ತೊಂಬತ್ತನೇ ಶತಮಾನದಿಂದಲೇ ಇವೆ. 1997ರಲ್ಲಿ ಮಹಾಬಲಿಪುರಕ್ಕೆ ಬಂದಿದ್ದ ಅಮೆರಿಕದ ಕಲಾವಿದೆ ಜಾನೆಟ್ ಎಕೆಲ್ಮನ್, ತಮ್ಮ ಚಿತ್ರಕಲೆಯ ಬಣ್ಣಗಳು ಬಂದು ತಲುಪದೆ ಕೈಕಟ್ಟಿ ಕುಳಿತಾಗ, ದಡದ ಮೇಲಿನ ಬಲೆಗಳನ್ನು ಕಂಡು ಮೀನುಗಾರರ ಜೊತೆ ಕೈಯಿಂದಲೇ ಬಲೆಯ ಶಿಲ್ಪ ಮಾಡಲು ಶುರು ಮಾಡಿದರು. ಇಂದು ಅವರ ಬೃಹತ್ ಬಲೆಗಳಲ್ಲಿ ಯಂತ್ರದ ಗಂಟೂ ಇದೆ, ಕೈಗಂಟೂ ಇದೆ. ನನಗೆ ಯಂತ್ರ ಬೇಡವಾದದ್ದಕ್ಕೆ ಕಾರಣ ಸಣ್ಣದು. ನೂರನೇ ಸಾಲಿನಲ್ಲಿ ನನ್ನ ಮನಸ್ಸು ಬದಲಾಗುತ್ತದೆ. ಯಂತ್ರಕ್ಕೆ ಅದನ್ನು ಮೊದಲನೇ ಸಾಲಿಗೆ ಮುಂಚೆಯೇ ತಿಳಿಸಬೇಕು.

“ಬೆಂಕಿ?” ಒಳ್ಳೆಯ ಪ್ರಶ್ನೆ, ಸಾರ್ವಜನಿಕ ಕಟ್ಟಡಗಳಲ್ಲಿ ಇದನ್ನೇ ಮೊದಲು ಕೇಳಬೇಕು. ಗಾಳಿಯಲ್ಲಿ ಆಮ್ಲಜನಕ ಶೇಕಡ 21. ಹತ್ತಿ ಉರಿಯುತ್ತಲೇ ಇರಲು ಸುಮಾರು ಶೇಕಡ 18 ಸಾಕು, ಆದ್ದರಿಂದ ಹತ್ತಿ ಮಾಮೂಲಿ ಗಾಳಿಯಲ್ಲಿ ಸಲೀಸಾಗಿ ಉರಿಯುತ್ತದೆ. ಉಣ್ಣೆಗೆ ಸುಮಾರು 25 ಬೇಕು, ಆದ್ದರಿಂದ ಕಿಡಿ ತೆಗೆದರೆ ಸಾಮಾನ್ಯವಾಗಿ ತಾನೇ ಆರುತ್ತದೆ. ಕರಗಿ ತೊಟ್ಟಿಕ್ಕುವುದೂ ಇಲ್ಲ. ಜನ ಸೇರುವ ಜಾಗಗಳಿಗೆ ನಾನು ಉಣ್ಣೆಯನ್ನೇ ಒತ್ತಾಯಿಸುವುದು ಇದಕ್ಕೆ. ಹತ್ತಿಯೇ ಬೇಕೆಂದರೆ ಬೆಂಕಿ ತಡೆಯುವ ಸಂಸ್ಕರಣೆ ಮಾಡಿಸಿ, ಅದೇ ಹಗ್ಗದ ತುಂಡನ್ನು ಪರೀಕ್ಷೆಗೆ ಕಳಿಸಬೇಕು. ಸಂಸ್ಕರಣೆಯಿಂದ ಹಗ್ಗದ ಹದ ಕೆಡುತ್ತದೆ, ಸ್ವಲ್ಪ ಬಿರುಸಾಗುತ್ತದೆ. ಕೆಡಲಿ.

“ಎಷ್ಟು ವರ್ಷ ಬಾಳುತ್ತದೆ?” ಬೆಳಕು ಎಷ್ಟು ಬಿಡುತ್ತೀರಿ ಎಂಬುದರ ಮೇಲೆ. ಬೆಳಕಿನ ಪ್ರಖರತೆಯನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಬಣ್ಣದ ಬಟ್ಟೆಗಳಿಗೆ ಸಂಗ್ರಹಾಲಯಗಳು 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬಿಡುವುದಿಲ್ಲ. ನೀವು ವಿನ್ಯಾಸ ಮಾಡುವ ಗಾಜಿನ ಗೋಡೆಯ ಪಕ್ಕದಲ್ಲಿ ನೇರ ಬಿಸಿಲು ಬಿದ್ದರೆ ಅದು ಹತ್ತಾರು ಸಾವಿರ ಲಕ್ಸ್. ನೂಲಿನ ಕಲಾವಿದೆ ಶೀಲಾ ಹಿಕ್ಸ್ 1960ರ ದಶಕದಲ್ಲಿ ನ್ಯೂಯಾರ್ಕಿನ ಫೋರ್ಡ್ ಫೌಂಡೇಶನ್ ಕಟ್ಟಡಕ್ಕೆ ನೂಲಿನ ಎರಡು ದೊಡ್ಡ ಗೋಡೆಕೃತಿಗಳನ್ನು ಮಾಡಿದ್ದರು. ಅರ್ಧ ಶತಮಾನ ಸಮೀಪಿಸಿದಾಗ, ಎಂಬತ್ತರ ಆಸುಪಾಸಿನ ವಯಸ್ಸಿನಲ್ಲಿ, ಅವರೇ ಅವನ್ನು ಹೊಸದಾಗಿ ಮತ್ತೊಮ್ಮೆ ಮಾಡಿಕೊಟ್ಟರು. ಕಲಾವಿದರ ಆಯುಸ್ಸು ನೂಲಿನ ಆಯುಸ್ಸಿಗಿಂತ ಉದ್ದವಿರುವುದು ಎಲ್ಲರಿಗೂ ಸಿಗುವ ಭಾಗ್ಯವಲ್ಲ. ನೀವು ನಕ್ಷೆ ಬರೆಯುವಾಗಲೇ ಬಿಸಿಲು ಬೀಳದ ಗೋಡೆಯೊಂದನ್ನು ನೂಲಿಗೆಂದು ಬಿಟ್ಟಿಡಿ.

ನುಸಿ, ಧೂಳಿನ ಬಗ್ಗೆ ಚುಟುಕಾಗಿ: ಉಣ್ಣೆ ತಿನ್ನುವುದು ಪತಂಗವಲ್ಲ, ಅದರ ಮರಿಹುಳು. ಅದಕ್ಕೆ ಕತ್ತಲೆ ಬೇಕು, ಯಾರೂ ಮುಟ್ಟದ ಮಡಿಕೆ ಬೇಕು. ತಿಂಗಳಿಗೊಮ್ಮೆ ಕೃತಿಯನ್ನು ಅಲುಗಾಡಿಸಿ, ವ್ಯಾಕ್ಯೂಮ್ ಕ್ಲೀನರಿನ ಬಾಯಿಗೆ ತೆಳು ಜಾಲರಿ ಕಟ್ಟಿ, ಕಡಿಮೆ ಎಳೆತದಲ್ಲಿ ಮೇಲಿಂದ ಕೆಳಗೆ ಆಡಿಸಿ. ಗೋಡೆಯಿಂದ ಹದಿನೈದು ಸೆಂಟಿಮೀಟರ್ ಬಿಟ್ಟಿದ್ದರೆ ಹಿಂದಕ್ಕೂ ಕೈ ಹೋಗುತ್ತದೆ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನ ವಿದ್ಯಾರ್ಥಿನಿಯದು: “ಮುಟ್ಟಬಹುದೇ?” ಸಂಗ್ರಹಾಲಯದಲ್ಲಿ ಬೇಡ. ನನ್ನ ಕೃತಿಗಳನ್ನು ಮುಟ್ಟಬೇಡಿ ಎಂದರೂ ಮುಟ್ಟುತ್ತಾರೆ, ಹಗ್ಗಕ್ಕೆ ಆ ಗುಣವಿದೆ. ಆಸ್ಪತ್ರೆಯ ಕಾಯುವ ಕೊಠಡಿಯೊಂದರಲ್ಲಿ ನನ್ನದೊಂದು ಕೃತಿಯಿದೆ. ವರ್ಷ ಕಳೆಯುವುದರೊಳಗೆ ಕೂತವರ ಭುಜದಿಂದ ಕೆಳಗಿನ ಭಾಗವೆಲ್ಲ ಕೈಗಳ ಜಿಡ್ಡಿಗೆ ಕಪ್ಪಾಗಿತ್ತು. ಕೆಲವು ಕುಚ್ಚುಗಳಿಗೆ ಯಾರೋ ಜಡೆ ಹಾಕಿದ್ದರು, ಕೆಲವನ್ನು ಬೆರಳಿಗೆ ಸುತ್ತಿ ಸುತ್ತಿ ಹುರಿ ಬಿಚ್ಚಿಹೋಗಿತ್ತು. ಗಾಜಿನ ತಡೆ ಹಾಕೋಣವೇ ಎಂದು ಅಲ್ಲಿಯವರು ಕೇಳಿದರು. ಬೇಡವೆಂದೆ. ಕೆಳಗಿನ ಒಂದು ಮೀಟರನ್ನು ಬಿಡಿಸಿ, ಪ್ರತ್ಯೇಕ ಕೋಲಿನ ಮೇಲೆ ಬೇರೆಯಾಗಿ ಕಟ್ಟಿ, ಮೇಲಿನ ಭಾಗಕ್ಕೆ ಕುಣಿಕೆಗಳಿಂದ ಜೋಡಿಸಿಕೊಟ್ಟೆ. ಈವರೆಗೆ ಮೂರು ಸಲ ಬದಲಿಸಿದ್ದೇನೆ. ನಾಲ್ಕನೆಯದು ಈಗ ನನ್ನ ಕಾರ್ಯಾಗಾರದಲ್ಲಿ ಅರ್ಧ ಆಗಿದೆ.